ಬಯಲು ಜಿಮ್ ಬಂತು, ಮಕ್ಕಳು ಎಲ್ಲಿ?

ಈಗ ನಮ್ಮ ಊರುಗಳಲ್ಲಿ ಪಾರ್ಕ್ ಅಂದರೆ ಹೀಗಿರುತ್ತದೆ: ಇಂಟರ್‌ಲಾಕ್ ಹಾಕಿದ ವಾಕಿಂಗ್ ದಾರಿ, ನಾಲ್ಕು ಕಲ್ಲಿನ ಬೆಂಚು, ಮೂಲೆಯಲ್ಲಿ ಹಳದಿ-ನೀಲಿ ಬಣ್ಣ ಬಳಿದ ಏಳೆಂಟು ಕಬ್ಬಿಣದ ಸಲಕರಣೆ. ಮೇಲೆ 'ಓಪನ್ ಜಿಮ್' ಎಂಬ ಬೋರ್ಡು. ಉದ್ಘಾಟನೆಯ ದಿನ ಎಲ್ಲರೂ ಒಂದೊಂದು ಸಲಕರಣೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ? ಬೆಳಗ್ಗೆ ಶುಗರ್ ಇರುವ ನಾಲ್ಕು ಮಂದಿ ಹಿರಿಯರು ಬರುತ್ತಾರೆ. ಸಂಜೆ ಪುಟಾಣಿ ಮಕ್ಕಳು ಅದನ್ನೇ ಉಯ್ಯಾಲೆ ಮಾಡಿಕೊಂಡು ತೂಗುತ್ತಾರೆ. ಯಾರಿಗೆ ಅದು ನಿಜಕ್ಕೂ ಬೇಕೋ ಆ ಹೈಸ್ಕೂಲು, ಪಿಯುಸಿ ಮಕ್ಕಳು ಅಲ್ಲಿ ಕಾಣುವುದಿಲ್ಲ. ಹುಡುಗಿಯರಂತೂ ಇಲ್ಲವೇ ಇಲ್ಲ.

ಸಲಕರಣೆ ತಂದಿಟ್ಟರೆ ವ್ಯಾಯಾಮ ಬಂದಂತಲ್ಲ. ಕಪಾಟಿನಲ್ಲಿ ಪುಸ್ತಕ ಇಟ್ಟ ಮಾತ್ರಕ್ಕೆ ಮಗು ಓದಲು ಕಲಿಯುತ್ತದೆಯೇ? ಅದಕ್ಕೊಂದು ಸಮಯ, ಒಬ್ಬ ಮೇಷ್ಟ್ರು, ದಿನಾ ಕೂರಿಸುವ ಮನೆಯವರು ಬೇಕು. ವ್ಯಾಯಾಮವೂ ಹಾಗೆಯೇ. ಬಯಲು ಜಿಮ್ ಬಗ್ಗೆ ನಮ್ಮ ಜಮಾಅತ್‌ಗಳೂ, ಶಾಲೆಗಳೂ, ಮನೆಗಳೂ ಸ್ವಲ್ಪ ಗಂಭೀರವಾಗಿ ಮಾತನಾಡುವ ಹೊತ್ತು ಬಂದಿದೆ ಎಂದು ನಾವು ಹೇಳುತ್ತಿರುವುದು ಇದಕ್ಕೇ.

ನಮ್ಮ ಮನೆಯ ಮಗುವಿನ ಒಂದು ದಿನವನ್ನು ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಆರೂವರೆಗೆ ಮದ್ರಸಕ್ಕೆ ಹೊರಟರೆ ಎಂಟು ಗಂಟೆ ಸುಮಾರಿಗೆ ವಾಪಸು. ಗಡಿಬಿಡಿಯಲ್ಲಿ ತಿಂಡಿ, ಸಮವಸ್ತ್ರ, ಶಾಲೆಯ ವ್ಯಾನು. ಗೇಟಿನಿಂದ ಹತ್ತಿದರೆ ಶಾಲೆಯ ಗೇಟಿನಲ್ಲೇ ಇಳಿಯುವುದು. ಸಂಜೆ ನಾಲ್ಕೂವರೆಗೆ ಬಂದು ಚಾ ಕುಡಿದರೆ ಟ್ಯೂಷನ್. ಮಗ್ರಿಬ್ ಆದ ಮೇಲೆ ಹೋಂವರ್ಕ್, ಅದು ಮುಗಿದರೆ ಮೊಬೈಲು. ಕುಳಿತಲ್ಲಿಂದ ಎದ್ದು ಇನ್ನೊಂದು ಕಡೆ ಕುಳಿತದ್ದೇ ಇಡೀ ದಿನದ ಓಡಾಟ. ನಮ್ಮ ಹಿರಿಯರಿಗೆ ಜಿಮ್ ಬೇಕಿರಲಿಲ್ಲ, ನಿಜ. ಅವರು ಗದ್ದೆಯ ಹುಣಿಯ ಮೇಲೆ, ಗುಡ್ಡೆ ಹತ್ತಿ ಇಳಿದು ಶಾಲೆಗೆ ಹೋದವರು. ತಲೆಯಲ್ಲಿ ಗೋಣಿ ಹೊತ್ತು ಸಂತೆಗೆ ನಡೆದವರು. ಆ ಗದ್ದೆ ಈಗ ಸೈಟು, ಆ ಗುಡ್ಡೆ ಈಗ ಲೇಔಟು. ಮಗುವಿಗೆ ನಡೆಯಲು ದಾರಿಯೇ ಇಲ್ಲದ ಹಾಗೆ ಊರು ಕಟ್ಟಿದ ಮೇಲೆ, "ನಮ್ಮ ಕಾಲದಲ್ಲಿ ಎಂತ ಜಿಮ್ ಇತ್ತು?" ಎಂದು ಕೇಳುವುದು ನ್ಯಾಯವಲ್ಲ.

ಇಲ್ಲಿ ಮದ್ರಸವನ್ನೋ ಶಾಲೆಯನ್ನೋ ದೂರುವ ಉದ್ದೇಶ ನಮಗಿಲ್ಲ. ಎರಡೂ ಬೇಕು. ಆದರೆ ಎರಡರ ನಡುವೆ ಮಗುವಿನ ಮೈಗೆ ಒಂದು ಗಂಟೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂತೆ ಮೈ ಚಲಿಸಬೇಕು, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಎಲುಬು ಗಟ್ಟಿಯಾಗುವ ಕೆಲಸ ಅದರಲ್ಲಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. 2016ರ ಅಂಕಿಅಂಶ ಆಧರಿಸಿದ ಜಾಗತಿಕ ಅಧ್ಯಯನದ ಪ್ರಕಾರ 11ರಿಂದ 17 ವರ್ಷದ ನೂರು ಮಕ್ಕಳಲ್ಲಿ 81 ಮಂದಿ ಈ ಅಳತೆಯನ್ನು ಮುಟ್ಟುವುದಿಲ್ಲ. ಹುಡುಗಿಯರಲ್ಲಿ ಈ ಸಂಖ್ಯೆ 85, ಹುಡುಗರಲ್ಲಿ 78.

ಇದರ ಬಿಲ್ಲು ಕೈಗೆ ಬರುವುದು ಇಪ್ಪತ್ತು ವರ್ಷ ಕಳೆದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಇನ್ನೂ 13.6 ಕೋಟಿ ಜನ ಅದರ ಬಾಗಿಲಲ್ಲಿ ನಿಂತಿದ್ದಾರೆ. ದೊಡ್ಡವರಲ್ಲಿ ಸಾಕಷ್ಟು ಮೈ ಚಲಿಸದವರ ಪ್ರಮಾಣ ಭಾರತದ ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57 ಎಂದು 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಹೇಳಿದೆ. ಅಂಕಿಅಂಶ ಬೇಡ ಅನ್ನುವವರು ತಮ್ಮದೇ ಕುಟುಂಬದ ಒಂದು ಮದುವೆಯ ಊಟದ ಪಂಕ್ತಿ ನೋಡಲಿ. ನೈಚೋರಿನ ತಟ್ಟೆ ಮುಂದಿಟ್ಟುಕೊಂಡು ಕಿಸೆಯಿಂದ ಮಾತ್ರೆ ತೆಗೆಯುವ ಕೈಗಳು ಎಷ್ಟು? ಗಲ್ಫ್‌ನಲ್ಲಿ ದುಡಿದು ಐವತ್ತಕ್ಕೆ ಊರಿಗೆ ಬಂದವರು ತಂದ ಪೆಟ್ಟಿಗೆಯ ಜೊತೆ ಬಿಪಿ, ಶುಗರಿನ ಫೈಲು ಎಷ್ಟು? ಇದು ನಮ್ಮ ಮನೆಗಳ ಮಾತು.

ಬಯಲು ಜಿಮ್ ಎಂಬುದು ನಮ್ಮಲ್ಲಿ ಹೊಸದು, ಲೋಕದಲ್ಲಿ ಹೊಸದಲ್ಲ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ 1968ರಲ್ಲೇ ಕಾಡಿನ ದಾರಿಯುದ್ದಕ್ಕೂ ಮರದ ಕಂಬ, ದಿಮ್ಮಿ ನೆಟ್ಟು, ಓಡುತ್ತಾ ನಿಂತು ವ್ಯಾಯಾಮ ಮಾಡುವ ಹಾದಿ ಮಾಡಿದ್ದರು. ಚೀನಾ 1995ರಲ್ಲಿ ಜನರ ದೇಹದಾರ್ಢ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡು, ವಸತಿ ಬಡಾವಣೆಗಳ ಪಕ್ಕದಲ್ಲೇ ಕಬ್ಬಿಣದ ಸಲಕರಣೆ ನಿಲ್ಲಿಸುತ್ತಾ ಬಂತು. ನಾವು ಇಂದು ಕಾಣುವ ಬಣ್ಣದ ಸಲಕರಣೆಗಳ ರೂಪ ಬಹುಪಾಲು ಆ ಕಡೆಯದೇ. ನಮ್ಮವರು ದುಡಿಯುವ ಕೊಲ್ಲಿಯಲ್ಲೂ ಇದು ನಡೆದಿದೆ. ಕತಾರ್‌ನಲ್ಲಿ 2012ರಿಂದ ಪ್ರತಿ ಫೆಬ್ರವರಿಯ ಎರಡನೇ ಮಂಗಳವಾರ ಕ್ರೀಡಾ ದಿನವೆಂದು ಸರಕಾರಿ ರಜೆ. ದುಬೈಯಲ್ಲಿ 2017ರಿಂದ ದಿನಕ್ಕೆ 30 ನಿಮಿಷದಂತೆ 30 ದಿನದ ವ್ಯಾಯಾಮದ ಅಭಿಯಾನ. ಅಲ್ಲಿ ಕಡಲ ಬದಿಯಲ್ಲಿ ಸಂಜೆ ನಡೆಯುವ ನಮ್ಮ ಹುಡುಗರು, ಊರಿಗೆ ರಜೆಯಲ್ಲಿ ಬಂದರೆ ಅಂಗಡಿ ಜಗಲಿಯಲ್ಲಿ ಕೂರುತ್ತಾರೆ. ಅಲ್ಲಿ ಆಗುವುದು ಇಲ್ಲಿ ಎಂತಕ್ಕೆ ಆಗುವುದಿಲ್ಲ? ಅಲ್ಲಿ ಜಾಗ ಇದೆ, ಜೊತೆಗೆ ನಾಲ್ಕು ಜನ ಇದ್ದಾರೆ. ಇಲ್ಲಿ ಎರಡನ್ನೂ ನಾವೇ ಮಾಡಬೇಕು.

ಹಾಗೆಂದು ಕ್ಯಾಟಲಾಗು ನೋಡಿ ಸಲಕರಣೆ ತರಿಸುವುದಲ್ಲ. ಮೊದಲು ತಿಳಿಯಬೇಕಾದ ಕೆಲವು ಸಂಗತಿಗಳಿವೆ.

ಗಾಳಿಯಲ್ಲಿ ನಡೆದ ಹಾಗೆ ಕಾಲು ಆಡಿಸುವುದು, ಚಕ್ರ ತಿರುಗಿಸುವುದು, ಸೊಂಟ ತಿರುಗಿಸುವುದು, ಕುಳಿತು ಕಾಲಿನಿಂದ ತಳ್ಳುವುದು - ಪಾರ್ಕಿನ ಹೆಚ್ಚಿನ ಯಂತ್ರಗಳು ಇವೇ. ಇವುಗಳಲ್ಲಿ ಬಹುತೇಕ ನಮ್ಮ ಮೈತೂಕವನ್ನೇ ಭಾರವಾಗಿ ಬಳಸುತ್ತವೆ. ಭಾರ ಹೆಚ್ಚು-ಕಡಿಮೆ ಮಾಡುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಮಂಡಿ ನೋವಿನ ಹಿರಿಯರಿಗೆ, ವ್ಯಾಯಾಮ ಹೊಸದಾಗಿ ಶುರು ಮಾಡುವವರಿಗೆ ಇದು ಒಳ್ಳೆಯದೇ. ಆದರೆ ಹದಿನೈದು ವರ್ಷದ ಹುಡುಗನಿಗೆ ಎರಡೇ ವಾರದಲ್ಲಿ ಅದು ಆಟದ ಸಾಮಾನಾಗಿ ಬಿಡುತ್ತದೆ. ಬೆಳೆಯುವ ಮೈಗೆ ದಿನೇ ದಿನೇ ಸ್ವಲ್ಪ ಹೆಚ್ಚು ಕೆಲಸ ಬೇಕು. ಅದಕ್ಕೆ ಹೇಳಿ ಮಾಡಿಸಿದ್ದು ಚಲಿಸುವ ಯಂತ್ರ ಅಲ್ಲ, ನಿಂತ ಕಂಬ: ಬೇರೆ ಬೇರೆ ಎತ್ತರದ ನೇತಾಡುವ ಬಾರ್, ಸಮಾಂತರ ಬಾರ್, ಏಣಿಯಂತೆ ಅಡ್ಡ ಹಾಕಿದ ಬಾರ್, ಹತ್ತಿ ಇಳಿಯಲು ಕೆಂಪುಕಲ್ಲಿನ ಮೆಟ್ಟಿಲು. ಇಂದು ಹತ್ತು ಸೆಕೆಂಡು ನೇತಾಡಿದವನು ಮುಂದಿನ ತಿಂಗಳು ಮೂವತ್ತು ಸೆಕೆಂಡು ನೇತಾಡುತ್ತಾನೆ, ವರ್ಷ ಕಳೆಯುವಾಗ ಮೈ ಮೇಲೆತ್ತುತ್ತಾನೆ. ಎಷ್ಟು ಮುಂದೆ ಬಂದೆ ಎಂದು ಅವನಿಗೇ ಗೊತ್ತಾಗುತ್ತದೆ. ಮಕ್ಕಳನ್ನು ಮರುದಿನ ಕರೆದು ತರುವುದು ಇದೇ.

ಖರ್ಚಿನ ಲೆಕ್ಕದಲ್ಲೂ ಇದೇ ಸರಿ. ಬಾರ್‌ಗೆ ಬೇರಿಂಗ್ ಇಲ್ಲ, ಗ್ರೀಸ್ ಬೇಡ. ಒಳ್ಳೆಯ ಜಿಐ ಪೈಪು, ಗಟ್ಟಿ ಕಾಂಕ್ರೀಟಿನ ಬುಡ ಇದ್ದರೆ ನಮ್ಮದೇ ಊರಿನ ವೆಲ್ಡಿಂಗ್ ಶಾಪಿನವರು ಮಾಡಿಕೊಡುತ್ತಾರೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ. ಉಳ್ಳಾಲ, ಸುರತ್ಕಲ್, ಬಂದರ್ ಕಡೆ ಅದರ ಮೇಲೆ ಉಪ್ಪುಗಾಳಿ. ಬರೀ ಬಣ್ಣ ಬಳಿದ ಕಬ್ಬಿಣ ಇಲ್ಲಿ ಎಷ್ಟು ಮಳೆಗಾಲ ತಾಳೀತು? ಮೊದಲು ಹೋಗುವುದು ಬೇರಿಂಗ್, ಆಮೇಲೆ ಬೋಲ್ಟು, ಆಮೇಲೆ ವೆಲ್ಡಿಂಗ್ ಜಾಗ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಪೈಪು ತಿಂದು ಹೋಗಿರುತ್ತದೆ. ಆದ್ದರಿಂದ ಯಂತ್ರ ಹಾಕುವವರು ಅದರ ಜೊತೆಗೇ ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನೂ ಮಾಡಿಕೊಳ್ಳಬೇಕು. ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪ್ರತಿ ಬೋಲ್ಟ್ ನೋಡುವವರು ಯಾರು ಎಂದು ಬೋರ್ಡಿನಲ್ಲಿ ಬರೆದಿರಬೇಕು. ದಾನಿಯ ಹೆಸರು ದೊಡ್ಡ ಅಕ್ಷರದಲ್ಲಿ ಇರಲಿ, ತೊಂದರೆ ಇಲ್ಲ. ಕೆಟ್ಟರೆ ಯಾರನ್ನು ಕರೆಯಬೇಕು ಎಂಬುದೂ ಅಷ್ಟೇ ದೊಡ್ಡದಾಗಿ ಇರಲಿ.

ಇನ್ನು ಸುರಕ್ಷತೆ. ಬಯಲು ಜಿಮ್ ಯಂತ್ರಗಳಿಗಾಗಿ ಯುರೋಪಿನಲ್ಲಿ 2015ರಿಂದ ಇರುವ ಮಾನದಂಡವು ಅವುಗಳನ್ನು 1.4 ಮೀಟರ್, ಅಂದರೆ ಸುಮಾರು ನಾಲ್ಕೂವರೆ ಅಡಿಗಿಂತ ಎತ್ತರದವರಿಗೆ ಎಂದು ನಿಗದಿ ಮಾಡಿದೆ. ಸಣ್ಣ ಮಕ್ಕಳ ಬೆರಳು, ಕಾಲು ಸಿಕ್ಕಿಕೊಳ್ಳುವ ಸಂದುಗಳು ಅಲ್ಲಿರುತ್ತವೆ. ತೂಗುವ ಯಂತ್ರದ ಎದುರು ನಿಂತ ಮಗುವಿನ ಮುಖಕ್ಕೆ ಬಡಿಯಬಹುದು. ಹಾಗಾಗಿ ಕಿರಿಯ ಪ್ರಾಥಮಿಕ ಶಾಲೆಯ ಅಂಗಳಕ್ಕೆ ಜಿಮ್ ಯಂತ್ರ ಬೇಡ. ಜಾರುಬಂಡಿ, ಹತ್ತುವ ಬಲೆ, ಓಡಲು ಜಾಗ ಸಾಕು. ಬಾರ್‌ನ ಕೆಳಗೆ ಸಿಮೆಂಟ್ ನೆಲ ಬೇಡ, ಮರಳೋ ರಬ್ಬರ್ ಹಾಸೋ ಇರಲಿ. ನಮ್ಮ ಮನೆಗಳಿಗೆ ಮುಖ್ಯವಾದ ಇನ್ನೊಂದು ಮಾತು: ಶಾಲಿನ ತುದಿ, ಬುರ್ಖಾದ ಅಂಚು ತಿರುಗುವ ಕೀಲಿಗೆ ಸಿಕ್ಕಬಾರದು. ಕೀಲಿನ ಮೇಲೆ ಮುಚ್ಚಳ ಇರುವ ಯಂತ್ರವನ್ನೇ ಆರಿಸಬೇಕು. ಹೆಣ್ಣುಮಕ್ಕಳು ಸಡಿಲವಾದ ಟ್ರ್ಯಾಕ್ ಪ್ಯಾಂಟು, ಉದ್ದ ತೋಳಿನ ಅಂಗಿ, ಬಿಗಿಯಾಗಿ ಪಿನ್ ಹಾಕಿದ ತಲೆವಸ್ತ್ರದಲ್ಲಿ ಆರಾಮವಾಗಿ ವ್ಯಾಯಾಮ ಮಾಡಬಹುದು.

ಈಗ ಶಾಲೆಯ ಲೆಕ್ಕಕ್ಕೆ ಬರೋಣ. ಎಂಟು ಯಂತ್ರ, ಒಂದರಲ್ಲಿ ಹೆಚ್ಚೆಂದರೆ ಇಬ್ಬರು - ಒಟ್ಟು 16 ಮಕ್ಕಳು. ತರಗತಿಯಲ್ಲಿ ಇರುವವರು ನಲವತ್ತು. ಉಳಿದ 24 ಮಂದಿ ಸಾಲಿನಲ್ಲಿ ನಿಂತು ಜಗಳ ಮಾಡುತ್ತಾರೆ, ಅಷ್ಟೇ. ಆದ್ದರಿಂದ ಯಂತ್ರಕ್ಕಿಂತ ಮೊದಲು ಕಾರ್ಯಕ್ರಮ ಬೇಕು. ತರಗತಿಯನ್ನು ಎರಡು ಭಾಗ ಮಾಡಿ. ಅರ್ಧ ಮಂದಿ ಬಾರ್, ಮೆಟ್ಟಿಲು, ಯಂತ್ರಗಳ ಸುತ್ತಿನಲ್ಲಿ: 40 ಸೆಕೆಂಡು ಕೆಲಸ, 20 ಸೆಕೆಂಡು ಬಿಡುವು, ಸೀಟಿ ಊದಿದರೆ ಮುಂದಿನದಕ್ಕೆ. ಇನ್ನರ್ಧ ಮಂದಿ ನೆಲದಲ್ಲಿ: ಬಸ್ಕಿ, ದಂಡ, ಹಗ್ಗದಾಟ, ಸಣ್ಣ ಓಟ. ಹದಿನೈದು ನಿಮಿಷಕ್ಕೆ ಅದಲು ಬದಲು. ಮೊದಲು ಐದು ನಿಮಿಷ ಮೈ ಬಿಸಿ ಮಾಡಲು, ಕೊನೆಗೆ ಐದು ನಿಮಿಷ ಮೈ ಸಡಿಲಿಸಲು. 40 ನಿಮಿಷದ ಒಂದು ಪೀರಿಯಡ್ ಸರಿಯಾಗಿ ಸಾಕಾಗುತ್ತದೆ, ನಿಂತು ಕಾಯುವವರು ಯಾರೂ ಇಲ್ಲ. ವಾರಕ್ಕೆ ಮೂರು ಪೀರಿಯಡ್ ಇದಕ್ಕೆ ಕೊಡಿ. ಗಣಿತದ ಪೋರ್ಶನ್ ಮುಗಿಯಲಿಲ್ಲ ಎಂದು ಪಿ.ಟಿ. ಪೀರಿಯಡ್ ಕಿತ್ತುಕೊಳ್ಳುವ ಅಭ್ಯಾಸವನ್ನು ಮೊದಲು ನಿಲ್ಲಿಸಿ.

ಮಕ್ಕಳ ಶಕ್ತಿ ಅಳೆಯಲೂ ದೊಡ್ಡ ಸಲಕರಣೆ ಬೇಡ. ಕೇಂದ್ರ ಸರಕಾರದ ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯಲ್ಲಿ ದೊಡ್ಡ ಮಕ್ಕಳಿಗೆ ಇರುವುದು ಎತ್ತರ-ತೂಕ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದೆ ಚಾಚುವುದು, ಹೊಟ್ಟೆಯ ಮತ್ತು ತೋಳಿನ ಬಲದ ಪರೀಕ್ಷೆ. ಒಂದು ಟೇಪು, ಒಂದು ಸ್ಟಾಪ್‌ವಾಚು, ಒಂದು ತೂಕದ ಯಂತ್ರ ಇದ್ದರೆ ಆಯಿತು. ಜೂನ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಅಳೆದು ಮಾರ್ಕ್ಸ್ ಕಾರ್ಡಿನ ಜೊತೆ ಮನೆಗೆ ಕಳುಹಿಸಿ. ಗಣಿತದಲ್ಲಿ ಎಷ್ಟು ಬಂತು ಎಂದು ಕೇಳುವ ಉಮ್ಮ, 600 ಮೀಟರ್ ಎಷ್ಟು ನಿಮಿಷದಲ್ಲಿ ಓಡಿದೆ ಎಂದೂ ಕೇಳಲಿ. ಆದರೆ ಮಗು ದಪ್ಪ ಇದೆ, ಸಣಕಲು ಇದೆ ಎಂದು ಎಲ್ಲರ ಮುಂದೆ ಓದಿ ಹೇಳುವ ಕೆಲಸ ಯಾವ ಮೇಷ್ಟ್ರೂ ಮಾಡಬಾರದು. ಒಮ್ಮೆ ನಗೆಪಾಟಲಾದ ಮಗು ಮತ್ತೆ ಮೈದಾನಕ್ಕೆ ಬರುವುದಿಲ್ಲ.

ಶಾಲೆಗೆ ಆಟದ ಮೈದಾನ ಇರಬೇಕು ಎಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಕನಿಷ್ಠ ಅರೆಕಾಲಿಕ ಶಿಕ್ಷಕರು ಬೇಕು ಎಂದೂ ಇದೆ. ನಿಮ್ಮ ಊರಿನ ಸರಕಾರಿ ಶಾಲೆಯಲ್ಲಿ ಇದ್ದಾರೆಯೇ? ಶಾಲಾಭಿವೃದ್ಧಿ ಸಮಿತಿಯಲ್ಲಿ ಕೇಳಿದವರು ಎಷ್ಟು ಮಂದಿ? ನಮ್ಮವರೇ ನಡೆಸುವ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲೂ ಕೇಳಬೇಕು. ಅಡ್ಮಿಷನ್ ಹೊತ್ತಿಗೆ ಸ್ಮಾರ್ಟ್ ಕ್ಲಾಸ್ ತೋರಿಸುತ್ತಾರೆ, ಮೈದಾನ ತೋರಿಸಿ ಅನ್ನಿ.

ಎಲ್ಲಕ್ಕಿಂತ ಕಷ್ಟದ ಮಾತು ಹೆಣ್ಣುಮಕ್ಕಳದ್ದು. ನಮ್ಮ ಹುಡುಗಿಯರು ಇಂದು ಓದಿನಲ್ಲಿ ಮುಂದೆ ಇದ್ದಾರೆ, ರ‍್ಯಾಂಕ್ ತರುತ್ತಾರೆ. ಆದರೆ ಏಳನೇ ತರಗತಿ ದಾಟಿದ ಮೇಲೆ ಓಡುವುದು ನಿಂತಿತು, ಹಾರುವುದು ನಿಂತಿತು. ಎಲುಬಿನ ಗಟ್ಟಿತನದ ಬಹುಪಾಲು ಕೂಡಿಬರುವುದು ಇದೇ ಹದಿಹರೆಯದಲ್ಲಿ. ಆಗ ಕೂಡಿಸದಿದ್ದರೆ ಐವತ್ತರ ನಂತರ ಖರ್ಚು ಮಾಡಲು ಏನೂ ಉಳಿದಿರುವುದಿಲ್ಲ. "ಮನೆ ಕೆಲಸ ಮಾಡ್ತಾಳಲ್ಲ, ಅದೇ ವ್ಯಾಯಾಮ" ಅನ್ನುವವರಿದ್ದಾರೆ. ಮಿಕ್ಸಿ, ವಾಷಿಂಗ್ ಮೆಷಿನ್ ಬಂದ ಮನೆಯಲ್ಲಿ ಆ ಮಾತಿಗೆ ಈಗ ಅಷ್ಟು ಬಲ ಇಲ್ಲ. ಮರ್ಯಾದೆಯ ಪ್ರಶ್ನೆ ಅನ್ನುವವರಿಗೂ ನಮ್ಮಲ್ಲಿ ಉತ್ತರ ಇದೆ: ಸರಿ, ಹಾಗಾದರೆ ಮರ್ಯಾದೆಯ ಜಾಗ ಮಾಡಿಕೊಡಿ. ತೆರೆದ ರಸ್ತೆ ಬದಿಯ ಪಾರ್ಕಿಗೆ ಹುಡುಗಿ ಬರುವುದಿಲ್ಲ ಎಂದು ಗೊತ್ತಿದ್ದೂ ಅಲ್ಲೇ ಯಂತ್ರ ನಿಲ್ಲಿಸಿ, ಆಮೇಲೆ "ಹೆಂಗಸರಿಗೆ ಆಸಕ್ತಿ ಇಲ್ಲ" ಅನ್ನುವುದು ಯಾವ ನ್ಯಾಯ?

ಜಾಗ ಎಲ್ಲಿದೆ ಎಂದರೆ, ನಮ್ಮ ಕಣ್ಣೆದುರೇ ಇದೆ. ಮದ್ರಸದ ಅಂಗಳ ಬೆಳಗ್ಗೆ ಒಂಬತ್ತರ ನಂತರ ಅನೇಕ ಕಡೆ ಖಾಲಿ. ಕಂಪೌಂಡು ಇದೆ, ನಳ್ಳಿ ಇದೆ, ಶೌಚಾಲಯ ಇದೆ, ದೀಪ ಇದೆ. ಹತ್ತರಿಂದ ಹನ್ನೊಂದೂವರೆ ತನಕ ಹೆಂಗಸರಿಗೆ, ರಜಾ ದಿನಗಳಲ್ಲಿ ಒಂದು ಹೊತ್ತು ಹೈಸ್ಕೂಲು ಹುಡುಗಿಯರಿಗೆ, ಅಸರ್‌ನಿಂದ ಮಗ್ರಿಬ್ ತನಕ ಹುಡುಗರಿಗೆ ಎಂದು ಹೊತ್ತು ಹಂಚಿದರೆ ಒಂದೇ ಅಂಗಳ ಮೂರು ಗುಂಪಿಗೆ ಸಾಕು. ದೈಹಿಕ ಶಿಕ್ಷಣದ ಕೋರ್ಸ್ ಮುಗಿಸಿದ ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟು ಕರೆದರೆ ಕಲಿಸುವವರೂ ಸಿಗುತ್ತಾರೆ. ಜಾಗ ಇಲ್ಲದ ಜಮಾಅತ್‌ಗಳು ಗ್ರಾಮಸಭೆಗೆ ಹೋಗಬೇಕು. ಅಲ್ಲಿ ಬೀದಿದೀಪ, ಚರಂಡಿಯ ಜೊತೆ ಮಕ್ಕಳ ವ್ಯಾಯಾಮದ ಜಾಗವನ್ನೂ ಬೇಡಿಕೆ ಪಟ್ಟಿಯಲ್ಲಿ ಬರೆಸಬೇಕು. ಪಂಚಾಯತಿನ ಜಾಗದಲ್ಲಿ ಆದರೆ ಅದು ಊರಿನ ಎಲ್ಲ ಮಕ್ಕಳದ್ದೂ ಆಗುತ್ತದೆ. ಒಂದೇ ಬಾರ್‌ಗೆ ನೇತಾಡಿದ ಮಕ್ಕಳು ನಾಳೆ ಬೀದಿಯಲ್ಲಿ ಎದುರಾದರೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ. ನಮ್ಮ ಜಿಲ್ಲೆಗೆ ಇದೂ ಸಣ್ಣ ಲಾಭವಲ್ಲ.

ಎದುರು ಮಾತು ಇದ್ದೇ ಇದೆ. "ಹುಡುಗರು ಗುಂಪು ಸೇರಿದರೆ ಗಲಾಟೆ." ಗುಂಪು ಈಗಲೂ ಸೇರುತ್ತಿದೆ ಮಾರಾಯ್ರೇ, ಆದರೆ ಕತ್ತಲ ಮೂಲೆಯಲ್ಲಿ, ಕೈಯಲ್ಲಿ ಮೊಬೈಲೋ ಅದಕ್ಕಿಂತ ಕೆಟ್ಟದ್ದೋ ಹಿಡಿದು. ದೀಪ ಇರುವ, ಹಿರಿಯರು ವಾಕಿಂಗ್ ಬರುವ ಜಾಗದಲ್ಲಿ ಬೆವರು ಸುರಿಸುವ ಗುಂಪು ಅದಕ್ಕಿಂತ ಸಾವಿರ ಪಾಲು ಮೇಲು. "ಇದೆಲ್ಲ ನಮ್ಮದಲ್ಲ" ಅನ್ನುವವರು ಕೋಲ್ಕಳಿ ಆಡುವವರನ್ನು ಒಮ್ಮೆ ನೋಡಬೇಕು. ಬಗ್ಗಿ, ಎದ್ದು, ತಿರುಗಿ, ಹೆಜ್ಜೆ ತಪ್ಪದೆ ಕೋಲು ಹೊಡೆಯುವವರ ಮೈ ಯಾವ ಜಿಮ್ಮಿನವರಿಗೂ ಕಡಿಮೆ ಇಲ್ಲ. ದಫ್, ತಾಲೀಮು ಎಲ್ಲವೂ ಮೈ ಪಳಗಿಸಿದ ಕಲೆಗಳೇ. ವಾರಕ್ಕೊಂದು ದಿನ ಬಯಲು ಜಿಮ್ಮಿನ ಪಕ್ಕ ಕೋಲ್ಕಳಿ ಕಲಿಸಿದರೆ ಮಕ್ಕಳ ಉಸಿರೂ ಗಟ್ಟಿಯಾದೀತು, ಕಲೆಯೂ ಉಳಿದೀತು. "ಹಣ ಎಲ್ಲಿಂದ?" ಎಂಬ ಪ್ರಶ್ನೆ ನಮ್ಮಲ್ಲಿ ಕೊನೆಯದ್ದು. ಒಂದು ಮದುವೆಯ ಸ್ಟೇಜಿನ ಹೂವಿಗೆ, ಲೈಟಿಗೆ ಆಗುವ ಖರ್ಚು ಎಷ್ಟು ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಪಾಲು ಸಾಕು, ಎರಡು ಜೋಡಿ ಬಾರ್ ನಿಲ್ಲಿಸಲು.

ಬರುವ ಜಮಾಅತ್ ಮಹಾಸಭೆಯ ಅಜೆಂಡಾದಲ್ಲಿ ಕಾಂಪ್ಲೆಕ್ಸಿನ ಬಾಡಿಗೆ, ಹಾಲ್‌ನ ಮೇಲ್ಛಾವಣಿ ಎಲ್ಲ ಇರಲಿ. ಅದರ ಕೆಳಗೆ ಒಂದು ಸಾಲು ಸೇರಿಸಿ: ನಮ್ಮ ಮೊಹಲ್ಲಾದ ಮಕ್ಕಳು ದಿನಕ್ಕೆ ಒಂದು ಗಂಟೆ ಎಲ್ಲಿ, ಯಾವ ಹೊತ್ತಿಗೆ, ಯಾರ ಕಣ್ಣೆದುರು ಮೈ ದಣಿಸುತ್ತಾರೆ? ಹುಡುಗರಿಗೆ ಎಲ್ಲಿ, ಹುಡುಗಿಯರಿಗೆ ಎಲ್ಲಿ? ಇದಕ್ಕೆ ಉತ್ತರ ಬರೆದ ಮೇಲೆ ಸಲಕರಣೆಯ ಕ್ಯಾಟಲಾಗು ತೆರೆಯಿರಿ. ಅಲ್ಲಿಯವರೆಗೆ ಉದ್ಘಾಟನೆಯ ರಿಬ್ಬನ್ ಅಂಗಡಿಯಲ್ಲೇ ಇರಲಿ.